ಸಾಕ್ಷ್ಯ ಸುಳ್ಳಾಡದು, ಓದುವವರು?

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 2000ದಿಂದ 2015ರವರೆಗೆ ಪ್ರಸಾರವಾದ 'ಸಿಎಸ್‌ಐ' ಧಾರಾವಾಹಿಯನ್ನು ಮೆಚ್ಚಿದವರಲ್ಲಿ ನಾವೂ ಸೇರಿದ್ದೇವೆ. ಕತ್ತಲ ಕೋಣೆಯಲ್ಲಿ ಟಾರ್ಚ್ ಹಿಡಿದು ಒಂದು ಕೂದಲೆಳೆಗಾಗಿ ತಡಕಾಡುವ ಗಿಲ್ ಗ್ರಿಸಮ್‌ನ ತಾಳ್ಮೆ ಸೊಗಸಾದುದೇ. ಹೊಡೆದು ಬಾಯಿ ಬಿಡಿಸುವ ಪೊಲೀಸರನ್ನೇ ನಾಯಕರೆಂದು ಮೆರೆಸುವ ನಮ್ಮ ಸಿನಿಮಾಗಳನ್ನು ಕಂಡವರಿಗೆ ಅದೊಂದು ನೆಮ್ಮದಿ.

ಆದರೆ ಅಲ್ಲಿ ರಕ್ತದ ಕಲೆ ಎತ್ತಿಕೊಂಡವರೇ ಅದನ್ನು ಪರೀಕ್ಷಿಸುತ್ತಾರೆ, ಆರೋಪಿಯನ್ನೂ ಅವರೇ ವಿಚಾರಿಸುತ್ತಾರೆ. ಕೃತ್ಯದ ಸ್ಥಳದಲ್ಲಿ ದುಡಿಯುವ ತಂತ್ರಜ್ಞರ ನಿಜವಾದ ಕೆಲಸ ಬೇರೆ. ಏನನ್ನೂ ಮುಟ್ಟುವ ಮೊದಲು ಫೋಟೋ ತೆಗೆಯಬೇಕು, ಅಳತೆ ಹಿಡಿದು ನಕ್ಷೆ ಬರೆಯಬೇಕು. ರಕ್ತ ಹತ್ತಿದ ಬಟ್ಟೆಯನ್ನು ಒಣಗಿಸಿ ಕಾಗದದ ಚೀಲಕ್ಕೆ ಹಾಕಬೇಕು. ಪ್ಲಾಸ್ಟಿಕ್‌ನಲ್ಲಿ ಕಟ್ಟಿಟ್ಟರೆ ತೇವ ಉಳಿದು ಡಿಎನ್‌ಎ ಕೆಡುತ್ತದೆ. ಮೊಹರು ಹಾಕಿ, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಸಹಿಯೊಡನೆ ದಾಖಲಿಸಬೇಕು. ನಿರಪರಾಧಿಯನ್ನು ಕಾಯುವ ಈ ಬೇಸರದ ಬರವಣಿಗೆಗೆ ತೆರೆಯ ಮೇಲೆ ಜಾಗವಿಲ್ಲ.

ನಮ್ಮ ದೊಡ್ಡ ತಕರಾರು, ಸಾಕ್ಷ್ಯ ಎಂದೂ ಸುಳ್ಳಾಡದೆಂಬ ಅದರ ನಂಬಿಕೆಯ ಬಗ್ಗೆ. 2004ರ ಮಾರ್ಚ್ 11ರಂದು ಮ್ಯಾಡ್ರಿಡ್‌ನ ರೈಲುಗಳಲ್ಲಿ ಬಾಂಬ್ ಸ್ಫೋಟಿಸಿ 190ಕ್ಕೂ ಹೆಚ್ಚು ಮಂದಿ ಸತ್ತರು. ಡಿಟೊನೇಟರ್‌ಗಳಿದ್ದ ಪ್ಲಾಸ್ಟಿಕ್ ಚೀಲದ ಮೇಲೆ ಸ್ಪೇನಿನ ಪೊಲೀಸರಿಗೆ ಬೆರಳಚ್ಚೊಂದು ಸಿಕ್ಕಿತು. ಅದು ಅಮೆರಿಕದ ಒರೆಗಾನ್ ರಾಜ್ಯದ ವಕೀಲ, ಇಸ್ಲಾಮ್ ಸ್ವೀಕರಿಸಿದ್ದ ಬ್ರ್ಯಾಂಡನ್ ಮೇಫೀಲ್ಡ್ ಅವರದೇ ಎಂದು ಎಫ್‌ಬಿಐ ತಜ್ಞರು ಸಾರಿದರು. ಸ್ಪೇನ್ ಒಪ್ಪಲಿಲ್ಲ. ಆದರೂ ಮೇ ತಿಂಗಳಲ್ಲಿ ಅವರನ್ನು ಬಂಧಿಸಿ ಎರಡು ವಾರ ಇಟ್ಟರು. ಕೊನೆಗೆ ಸ್ಪೇನ್ ಆ ಅಚ್ಚು ಅಲ್ಜೀರಿಯಾದವನೊಬ್ಬನದೆಂದು ಗುರುತಿಸಿದ ಮೇಲೆ ಎಫ್‌ಬಿಐ ಕ್ಷಮೆ ಕೇಳಿತು. 2006ರಲ್ಲಿ 20 ಲಕ್ಷ ಡಾಲರ್ ಪರಿಹಾರವೂ ಸಿಕ್ಕಿತು. ಅಚ್ಚನ್ನು ಮೊದಲು ಹೊಂದಿಸಿದಾಗ ತಜ್ಞರಿಗೆ ಅವರ ಧರ್ಮ ತಿಳಿದಿರಲಿಲ್ಲ. ಆದರೆ ಅನುಮಾನ ಎದ್ದ ಮೇಲೂ ಸರಿಯಾಗಿ ಮರುಪರಿಶೀಲಿಸದಿರಲು ಅದು ಕಾರಣಗಳಲ್ಲೊಂದಾಗಿರಬಹುದು ಎಂದು ಅಮೆರಿಕದ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ವರದಿಯೇ ಹೇಳಿತು. ಚೀಲದ ಮೇಲಿನ ಅಚ್ಚು ಜೋಪಾನವಾಗಿ ಉಳಿದಿದ್ದರಿಂದಲೇ ಅದನ್ನು ಮತ್ತೊಮ್ಮೆ ಓದಲು ಸಾಧ್ಯವಾಯಿತು. ಗ್ರಿಸಮ್‌ನಷ್ಟು ಮಾತು ಬಾರದ ಯಾರೋ ಒಬ್ಬರು ಅಲ್ಲಿ ತಮ್ಮ ಕೆಲಸ ಸರಿಯಾಗಿ ಮಾಡಿದ್ದರು.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕೆನ್ನುತ್ತದೆ. ಇದಕ್ಕೆ ಸಜ್ಜಾಗಲು ರಾಜ್ಯಗಳಿಗೆ 5 ವರ್ಷಗಳ ಅವಕಾಶವಿದೆ. ಇನ್ನು ಕನ್ನಡದ ಕಿರುತೆರೆಯೂ ಈ ಕೆಲಸದ ಕಥೆ ಹೇಳಲು ಹೊರಟೀತು. ಆಗ ಅದರ ಒಂದು ಕಂತಿನಲ್ಲಾದರೂ, ತಜ್ಞರು ಬರುವ ಮುನ್ನ ಆ ಕೋಣೆಯೊಳಗೆ ಯಾರ್ಯಾರು ಕಾಲಿಟ್ಟಿದ್ದರೆಂದು ಕೇಳುವ ವಕೀಲರೊಬ್ಬರು ಇರಲಿ.