ದೂರು ಮತ್ತು ಅಳಲು: ಹಾಥಾರ್ನ್ ಕಾರ್ಖಾನೆಯ ನೌಕರರ ಮಾತುಗಳ ಪರಾಮರ್ಶೆ

ನೌಕರನು ತನ್ನ ಕೆಲಸವನ್ನೂ ತನ್ನ ಮೇಲಿನವರನ್ನೂ ಕುರಿತು ಆಡಿದ ಮಾತು ಇತಿಹಾಸಕಾರನಿಗೆ ವಿರಳವಾಗಿ ದೊರೆಯುವ ಸಾಮಗ್ರಿ. ಒಡೆಯರ ಲೆಕ್ಕಪುಸ್ತಕಗಳು ಉಳಿಯುತ್ತವೆ. ನಿರ್ದೇಶಕ ಮಂಡಲಿಯ ನಿರ್ಣಯಗಳು ಉಳಿಯುತ್ತವೆ. ಕೂಲಿಯವರ ಮಾತು ಗಾಳಿಯಲ್ಲಿ ಕರಗಿಹೋಗುತ್ತದೆ. ಅಂತಹ ಮಾತನ್ನು ರಾಶಿರಾಶಿಯಾಗಿ ಕೂಡಿಹಾಕಿದ ಗ್ರಂಥವೊಂದಿದೆ ಎಂದರೆ ನಾವು ಅದರ ಕಡೆಗೆ ಆಶೆಯಿಂದ ತಿರುಗುವುದು ಸಹಜ. ರೋತ್ಲಿಸ್‌ಬರ್ಗರ್ ಮತ್ತು ಡಿಕ್ಸನ್ ಅವರು 1939ರಲ್ಲಿ ಪ್ರಕಟಿಸಿದ 'ಮ್ಯಾನೇಜ್‌ಮೆಂಟ್ ಅಂಡ್ ದ ವರ್ಕರ್' ಅಂತಹ ಗ್ರಂಥ. ಆರುನೂರಕ್ಕೂ ಹೆಚ್ಚು ಪುಟಗಳ ಈ ಪುಸ್ತಕವನ್ನು ನಮ್ಮ ವಾಣಿಜ್ಯ ವಿದ್ಯಾರ್ಥಿಗಳು ಓದುವುದಿಲ್ಲ. ಅದರಿಂದ ಇಳಿದುಬಂದ ಒಂದೆರಡು ಪುಟಗಳ ಸಾರಾಂಶವನ್ನು ಮಾತ್ರ ಓದಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದಕಾರಣ ಮೂಲವನ್ನೇ ಒಮ್ಮೆ ಆಧಾರ ಪರೀಕ್ಷೆಯ ದೃಷ್ಟಿಯಿಂದ ನೋಡುವುದು ನಿರರ್ಥಕವಾಗಲಾರದು.

ಹಾಥಾರ್ನ್ ಎಂಬುದು ಅಮೆರಿಕದ ಷಿಕಾಗೊ ನಗರಕ್ಕೆ ಹೊಂದಿಕೊಂಡ ಸಿಸೆರೊ ಪಟ್ಟಣದಲ್ಲಿದ್ದ ಕಾರ್ಖಾನೆ. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ಅಲ್ಲಿ ದೂರವಾಣಿಯ ಸಲಕರಣೆಗಳನ್ನು ತಯಾರಿಸುತ್ತಿದ್ದಿತು. 1929ರ ಸುಮಾರಿಗೆ ಅಲ್ಲಿ ನಾಲ್ವತ್ತು ಸಾವಿರದಷ್ಟು ಮಂದಿ ದುಡಿಯುತ್ತಿದ್ದರು. 1924ರಲ್ಲಿ ದೀಪದ ಬೆಳಕಿನ ಪ್ರಯೋಗದಿಂದ ಆರಂಭವಾದ ಸಂಶೋಧನೆ ಅನೇಕ ರೂಪಗಳನ್ನು ತಾಳಿತು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಎಲ್ಟನ್ ಮೇಯೊ 1928ರಿಂದ ಅದಕ್ಕೆ ಸಲಹೆಗಾರರಾದರು. ಗ್ರಂಥಕರ್ತರಲ್ಲಿ ರೋತ್ಲಿಸ್‌ಬರ್ಗರ್ ಮೇಯೊ ಅವರ ಸಹೋದ್ಯೋಗಿ. ಡಿಕ್ಸನ್ ಆ ಕಂಪನಿಯ ಅಧಿಕಾರಿ. ಈ ಎರಡನೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಅರಮನೆಯ ಆಶ್ರಯದಲ್ಲಿ ಬರೆದ ಚರಿತ್ರೆಯನ್ನು ನಾವು ತಿರಸ್ಕರಿಸುವುದಿಲ್ಲ. ಆದರೆ ಅದನ್ನು ಬರೆಸಿದವರು ಯಾರೆಂಬುದನ್ನು ಮರೆತು ಓದುವುದೂ ಇಲ್ಲ.

ಗ್ರಂಥದ ಅತ್ಯಂತ ಬೆಲೆಯುಳ್ಳ ಭಾಗ ಸಂದರ್ಶನಗಳ ಕಾರ್ಯಕ್ರಮ. 1928ರಲ್ಲಿ ತಪಾಸಣಾ ವಿಭಾಗದ ಸುಮಾರು 1,600 ಮಂದಿಯಿಂದ ಮೊದಲಾಗಿ, 1930ರ ಕೊನೆಯ ಹೊತ್ತಿಗೆ 21,126 ನೌಕರರನ್ನು ಸಂದರ್ಶಿಸಲಾಯಿತು. ಸಂದರ್ಶಕರಾಗಿ ಆರಿಸಲ್ಪಟ್ಟವರು ಕಂಪನಿಯ ಮೇಲ್ವಿಚಾರಕರೇ. ನೌಕರರ ಹೆಸರನ್ನು ಬಯಲು ಮಾಡುವುದಿಲ್ಲವೆಂಬ ಭರವಸೆಯನ್ನು ಅವರು ಕೊಡುತ್ತಿದ್ದರು. ಮೊದಲಲ್ಲಿ ನೇರವಾದ ಪ್ರಶ್ನೆಗಳಿದ್ದುವು: ಮೇಸ್ತ್ರಿ ಹೇಗೆ, ಕೆಲಸ ಹೇಗೆ, ಪರಿಸರ ಹೇಗೆ ಎಂದು. 1929ರಲ್ಲಿ ಈ ಕ್ರಮವನ್ನು ಕೈಬಿಟ್ಟು, ನೌಕರನು ತನಗೆ ತೋಚಿದ್ದನ್ನು ತೋಚಿದಂತೆ ಹೇಳಲು ಬಿಟ್ಟು, ಅಡ್ಡ ಮಾತನಾಡದೆ ಕೇಳುವ ಪದ್ಧತಿಯನ್ನು ಹಿಡಿದರು. ಅರ್ಧ ಗಂಟೆಯ ಸಂಭಾಷಣೆ ಒಂದೂವರೆ ಗಂಟೆಗೆ ಬೆಳೆಯಿತು. ಕೂಲಿಕಾರನ ಮಾತನ್ನು ಇಷ್ಟು ತಾಳ್ಮೆಯಿಂದ ಕೇಳಿದ ಕಂಪನಿಗಳು ಆ ಕಾಲದಲ್ಲಿ ಅತಿ ವಿರಳ. ಇದನ್ನು ನಾವು ಸಂಕೋಚವಿಲ್ಲದೆ ಮೆಚ್ಚುತ್ತೇವೆ.

ನಮ್ಮ ಆಕ್ಷೇಪ ಕೇಳಿದ್ದರ ಬಗೆಗಲ್ಲ, ಕೇಳಿದ್ದನ್ನು ಅರ್ಥೈಸಿದುದರ ಬಗೆಗೆ. ಕನ್ನಡದಲ್ಲಿ ದೂರು ಬೇರೆ, ಅಳಲು ಬೇರೆ. ದೂರಿಗೆ ಎದುರಾಳಿಯುಂಟು, ಪರಿಹಾರದ ಅಪೇಕ್ಷೆಯುಂಟು. ಅದನ್ನು ವಿಚಾರಿಸಿ ಸರಿ ತಪ್ಪು ನಿರ್ಣಯಿಸಬಹುದು. ಅಳಲು ಹೇಳಿಕೊಂಡರೆ ಹಗುರವಾಗುವ ವಸ್ತು. ಅದಕ್ಕೆ ಕೇಳುವ ಕಿವಿ ಸಾಕು. ಗ್ರಂಥಕರ್ತರು ನೌಕರರ ಮಾತಿಗೆ ಹೊರ ಅರ್ಥವೊಂದು, ಒಳ ಅರ್ಥವೊಂದು ಎಂದು ಭೇದ ಕಲ್ಪಿಸಿ, ಒಳ ಅರ್ಥಕ್ಕೆ ಪ್ರಾಧಾನ್ಯ ಕೊಡುತ್ತಾರೆ. ಉಪಕರಣ ಮುರಿದಿದೆ ಎಂಬಂಥ ದೂರನ್ನು ಪರೀಕ್ಷಿಸಿ ನೋಡಬಹುದೆಂದು ಒಪ್ಪುತ್ತಾರೆ. ಆದರೆ ಕೂಲಿ ಕಡಿಮೆ ಎಂಬ ದೂರು ಅವರ ಕೈಯಲ್ಲಿ ಬೇರೆಯೇ ಆಗುತ್ತದೆ. ಒಬ್ಬ ಕೆಲಸಗಾರನು ತನ್ನ ಕೆಲಸಕ್ಕೆ ಗೊತ್ತುಮಾಡಿದ ದರ ತೀರ ಕಡಿಮೆ ಎಂದನು. ಮಾತು ಮುಂದುವರಿದಂತೆ ಅವನ ಹೆಂಡತಿ ಆಸ್ಪತ್ರೆಯಲ್ಲಿರುವುದೂ, ವೈದ್ಯರ ಖರ್ಚಿನ ಚಿಂತೆ ಅವನನ್ನು ಕಾಡುತ್ತಿರುವುದೂ ಹೊರಬಿತ್ತು. ಆದುದರಿಂದ ಅವನ ದೂರಿನ ನಿಜವಾದ ವಿಷಯ ದರವಲ್ಲ, ಅವನ ಗೃಹಚಿಂತೆ ಎಂಬುದು ಗ್ರಂಥಕರ್ತರ ತೀರ್ಮಾನ. ಇದು ತರ್ಕವೇ? ಹೆಂಡತಿಯ ಕಾಯಿಲೆಯಿಂದ ಸಂಬಳ ಸಾಲದೆಂಬ ಅರಿವು ತೀಕ್ಷ್ಣವಾಗಬಹುದು. ಅದರಿಂದ ಸಂಬಳ ಸಾಕಷ್ಟಿತ್ತೆಂದು ಸಿದ್ಧವಾಗುವುದು ಹೇಗೆ? ದರವನ್ನು ಅಳೆದು ನೋಡುವ ಕೆಲಸ ಉಳಿದೇ ಇತ್ತು.

ಮೇಯೊ ಅವರು 1945ರ ತಮ್ಮ ಪುಸ್ತಕದಲ್ಲಿ ಹೇಳಿರುವ ಒಂದು ಪ್ರಸಂಗ ಇದಕ್ಕೆ ಪೂರಕ. ಕಂಪನಿಯ ಭೋಜನಶಾಲೆಯ ಊಟವನ್ನು ಹಳಿದಿದ್ದ ಒಬ್ಬ ನೌಕರಳು, ಕೆಲವು ದಿನಗಳ ಮೇಲೆ, ಊಟವನ್ನು ಉತ್ತಮಗೊಳಿಸಿದುದಕ್ಕಾಗಿ ಸಂದರ್ಶಕಳನ್ನು ಅಭಿನಂದಿಸಿದಳು. ಊಟದಲ್ಲಿ ಯಾವ ಬದಲಾವಣೆಯೂ ಆಗಿರಲಿಲ್ಲ. ಮೇಯೊ ಇದನ್ನು ಮಾತಾಡಿಸುವುದರ ಗುಣವೆಂದು ಹೇಳಿದ್ದಾರೆ. ಅಡುಗೆಯವನಿಗೆ ಇದಕ್ಕಿಂತ ಅನುಕೂಲವಾದ ಸಿದ್ಧಾಂತ ಬೇರೊಂದಿಲ್ಲ!

ಇನ್ನು ಗ್ರಂಥದ ಮೌನಗಳನ್ನು ನೋಡಬೇಕು. ಷಿಕಾಗೊ ವಿಶ್ವವಿದ್ಯಾನಿಲಯದ ಮೇರಿ ಗಿಲ್ಸನ್ 1940ರಲ್ಲಿ ಬರೆದ ವಿಮರ್ಶೆಯಲ್ಲಿ ಮೊದಲಾಗಿ ಬೆರಳಿಟ್ಟು ತೋರಿಸಿದ್ದು ಇದನ್ನೇ. ಆಕೆ ಕ್ಲೀವ್‌ಲ್ಯಾಂಡಿನ ಉಡುಪಿನ ಕಾರ್ಖಾನೆಯೊಂದರಲ್ಲಿ ಅನೇಕ ವರ್ಷ ನೌಕರರ ವಿಭಾಗವನ್ನು ನಡೆಸಿದವರು. ಕಾರ್ಖಾನೆಯ ಒಳಗು ಬಲ್ಲವರು. ಇಪ್ಪತ್ತು ಸಾವಿರ ಸಂದರ್ಶನಗಳಲ್ಲಿ ಕಾರ್ಮಿಕ ಸಂಘದ ಮಾತು ಎಲ್ಲೋ ಅಪರೂಪಕ್ಕೆ ಬಂತೆಂದು ಹೇಳಿ ಗ್ರಂಥಕರ್ತರು ಆ ವಿಷಯವನ್ನು ಬಿಟ್ಟುಬಿಟ್ಟಿದ್ದಾರೆ. ಸೆನೆಟ್ಟಿನ ಲಾ ಫಾಲೆಟ್ ಸಮಿತಿಯ ವಿಚಾರಣೆಯಿಂದ ಹೊರಬಿದ್ದ ಸಂಗತಿಯನ್ನು ಗಿಲ್ಸನ್ ಇದರ ಪಕ್ಕದಲ್ಲಿಟ್ಟರು: 1933ರಿಂದ 1936ರವರೆಗೆ ಇದೇ ಕಂಪನಿ ನೌಕರರ ಮೇಲಿನ ಬೇಹುಗಾರಿಕೆಗಾಗಿ ಸುಮಾರು 25,800 ಡಾಲರುಗಳನ್ನು ವೆಚ್ಚ ಮಾಡಿದ್ದಿತು. ಸಂದರ್ಶನಗಳು ಅದಕ್ಕೆ ಮೊದಲೇ ನಿಂತಿದ್ದುವು, ನಿಜ. ಸಂದರ್ಶಕರನ್ನು ಬೇಹುಗಾರರೆನ್ನಲು ನಮ್ಮಲ್ಲಿ ಆಧಾರವಿಲ್ಲ, ಹಾಗೆ ಹೇಳುವುದೂ ಇಲ್ಲ. ಆದರೆ ಸಂಘದ ಹೆಸರೆತ್ತುವುದು ಅಪಾಯಕರವಾದ ಕಡೆ ಅದರ ಹೆಸರು ಕೇಳಿಬರಲಿಲ್ಲವೆಂಬುದು ಅದರ ಬಯಕೆ ಇರಲಿಲ್ಲವೆಂಬುದಕ್ಕೆ ಸಾಕ್ಷ್ಯವಾಗದು. ಮೇಲ್ವಿಚಾರಕನ ಮುಂದೆ ಕೆಳಗಿನವನು ಏನನ್ನು ನುಂಗಿಕೊಳ್ಳುತ್ತಾನೆಂಬುದು ಲೋಕಕ್ಕೆ ತಿಳಿದ ವಿಷಯ.

ರಿಲೇ ಜೋಡಣೆಯ ಕೊಠಡಿಯ ವೃತ್ತಾಂತ ಎಲ್ಲಕ್ಕಿಂತ ಪ್ರಸಿದ್ಧ. 1927ರಲ್ಲಿ ಐವರು ಜೋಡಿಸುವ ಯುವತಿಯರನ್ನೂ ಬಿಡಿಭಾಗ ಒದಗಿಸುವ ಒಬ್ಬಳನ್ನೂ ಪ್ರತ್ಯೇಕ ಕೊಠಡಿಯಲ್ಲಿ ಕೂರಿಸಿ, ವಿಶ್ರಾಂತಿಯ ಕಾಲವನ್ನೂ ಕೆಲಸದ ಅವಧಿಯನ್ನೂ ಬದಲಿಸುತ್ತ ಹೋದರು. ಉತ್ಪಾದನೆ ಕ್ರಮೇಣ ನೂರಕ್ಕೆ ಮೂವತ್ತರಷ್ಟು ಏರಿತು. ಸ್ನೇಹಪರವಾದ ಮೇಲ್ವಿಚಾರಣೆಯೇ ಇದಕ್ಕೆ ಮುಖ್ಯ ಕಾರಣವೆಂದು ಪಠ್ಯಪುಸ್ತಕಗಳು ಸಾರುತ್ತವೆ. ಮೂಲದಲ್ಲಿಯೇ ಇರುವ ಎರಡು ಸಂಗತಿಗಳನ್ನು ಅವು ಸಾಮಾನ್ಯವಾಗಿ ಹೇಳುವುದಿಲ್ಲ. ಮೊದಲನೆಯದು ಕೂಲಿಯ ವಿಚಾರ. ಮೊದಲು ನೂರು ಮಂದಿಯ ದೊಡ್ಡ ಗುಂಪಿನ ಉತ್ಪಾದನೆಯ ಮೇಲೆ ಸಲ್ಲುತ್ತಿದ್ದ ಕೂಲಿ ಈ ಕೊಠಡಿಯಲ್ಲಿ ಐವರ ಉತ್ಪಾದನೆಯ ಮೇಲೆ ಸಂದಿತು. ಬೇರೊಂದು ಐವರ ಗುಂಪಿಗೆ, ಅವರಿದ್ದ ಸ್ಥಳದಲ್ಲಿಯೇ, ಈ ಕೂಲಿಕ್ರಮವನ್ನು ಮಾತ್ರ ಅನ್ವಯಿಸಿದಾಗ ಉತ್ಪಾದನೆ ಬೇಗನೆ ನೂರಕ್ಕೆ ಹನ್ನೆರಡರಷ್ಟು ಏರಿತು. ಅದನ್ನು ಹಿಂತೆಗೆದುಕೊಂಡಾಗ ಇಳಿಯಿತು. ಎರಡನೆಯದು, 1928ರ ಜನವರಿಯಲ್ಲಿ ಮೊದಲಿನ ಯುವತಿಯರಲ್ಲಿ ಇಬ್ಬರನ್ನು ಹೊರಕ್ಕೆ ಕಳುಹಿಸಿದ್ದು. ಮಾತು ಹೆಚ್ಚು, ಸಹಕಾರ ಕಡಿಮೆ ಎಂಬುದು ಅವರ ಮೇಲಿನ ಆರೋಪ. ನಂತರದ ಕೆಲವು ನಿರೂಪಣೆಗಳಲ್ಲಿ ಇವರು ತಾವಾಗಿಯೇ ಬಿಟ್ಟುಹೋದಂತೆ ಬರೆದಿದೆ. ಅವರ ಸ್ಥಾನಕ್ಕೆ ಬಂದವರಲ್ಲಿ ಒಬ್ಬಳ ಮೇಲೆ ಸಂಸಾರದ ಭಾರ ಬಿದ್ದಿತ್ತು. ದುಡಿಮೆಯ ವೇಗಕ್ಕೆ ಅವಳೇ ಮುಂದಾಳಾದಳು. 1967ರಲ್ಲಿ ಅಲೆಕ್ಸ್ ಕ್ಯಾರಿ ಈ ಸಂಗತಿಗಳನ್ನೆಲ್ಲ ಜೋಡಿಸಿಟ್ಟು, ಮೂಲ ಸಾಕ್ಷ್ಯವೇ ಮೂಲ ತೀರ್ಮಾನಕ್ಕೆ ಪ್ರತಿಕೂಲವಾಗಿದೆಯೆಂದು ವಾದಿಸಿದರು. ಅವರ ಧ್ವನಿ ಕೆಲವೆಡೆ ಅತಿಯಾಗಿದೆ. ಆದರೂ ಈ ಎರಡು ಅಂಶಗಳಲ್ಲಿ ಅವರಿಗೆ ಸಮರ್ಪಕವಾದ ಉತ್ತರ ನಮಗೆ ಎಲ್ಲಿಯೂ ಕಂಡಿಲ್ಲ.

ಹೊರಹಾಕಲ್ಪಟ್ಟ ಆ ಇಬ್ಬರು ಗ್ರಂಥದಲ್ಲಿ 1ಎ, 2ಎ ಎಂಬ ಅಂಕಿತಗಳು ಮಾತ್ರ. ಗದರಿಸಿದಾಗ ಅವರು ಕೊಟ್ಟ ಉತ್ತರದ ತಾತ್ಪರ್ಯ ಮಾತ್ರ ಉಳಿದುಬಂದಿದೆ: ಮನಸ್ಸು ಬಂದಂತೆ ದುಡಿಯಿರಿ ಎಂಬುದೇ ತಮಗೆ ಕೊಟ್ಟ ಸೂಚನೆಯೆಂದು ತಾವು ತಿಳಿದಿದ್ದೆವೆಂದು. ಇಲ್ಲಿ ಒಳ ಅರ್ಥವನ್ನು ಹುಡುಕಬೇಕಾದುದಿಲ್ಲ. ಆಡಳಿತವರ್ಗ ಆಡಿದ ಮಾತನ್ನು ಅದಕ್ಕೇ ಹಿಂದಿರುಗಿಸಿದ ದೂರು ಇದು.

ಈ ಸಂಶೋಧನೆಯ ಫಲವಾಗಿ ಬೆಳೆದದ್ದು 1936ರಿಂದ 1956ರವರೆಗೆ ಹಾಥಾರ್ನ್‌ನಲ್ಲಿ ನಡೆದ ಆಪ್ತಸಲಹೆಯ ಕಾರ್ಯಕ್ರಮ. ಸಲಹೆಗಾರರು ಕೆಲಸದ ಸ್ಥಳಕ್ಕೇ ಹೋಗಿ ನೌಕರರ ಮಾತು ಕೇಳುತ್ತಿದ್ದರು. ಆದರೆ ದರವನ್ನಾಗಲಿ ಬಡ್ತಿಯನ್ನಾಗಲಿ ಮೇಸ್ತ್ರಿಯ ನಡತೆಯನ್ನಾಗಲಿ ಸರಿಪಡಿಸುವ ಅಧಿಕಾರ ಅವರಿಗಿರಲಿಲ್ಲ. ಇಂದು ಹಿರಿಯ ಅಧಿಕಾರಿಗಳಿಗೆ ನಾಯಕತ್ವದ ಮಾರ್ಗದರ್ಶನವನ್ನು ಮಾರುವ ಸಂಸ್ಥೆಗಳಲ್ಲಿ, ಬೆಂಗಳೂರಿನವೂ ಸೇರಿ, ತೀರ್ಪು ಕೊಡದೆ ಕೇಳುವ ಈ ವಿದ್ಯೆ ಮುಖ್ಯ ಬಂಡವಾಳ. ಕೇಳುವುದನ್ನೇ ಕಸುಬಾಗಿ ಮಾಡಿಕೊಂಡ ಸಂಸ್ಥೆಯೊಂದರಲ್ಲಿ ಅದರ ನೌಕರನೇ ಸಂಬಳದ ದೂರು ತಂದನೆನ್ನೋಣ. ಅದು ಅವನ ಮನೋಭಾವದ ಸಮಸ್ಯೆಯಾಗಿ ಮಾರ್ಪಡುವುದು ಬೇರೆಡೆಗಿಂತ ಅಲ್ಲಿ ಸುಲಭ, ಏಕೆಂದರೆ ಮಾರ್ಪಡಿಸುವ ಉಪಕರಣ ಅಲ್ಲಿ ಸದಾ ಕೈಯಲ್ಲಿದೆ. ನೌಕರರು ತಮ್ಮ ಸಂಸ್ಥೆಯನ್ನು ಕುರಿತು ಹೇಳಿದ ಅನುಭವಗಳನ್ನು ಓದುವಾಗ ಅವು ದೂರುಗಳೋ ಅಳಲುಗಳೋ ಎಂದು ವಿಂಗಡಿಸಿದವರು ಯಾರೆಂಬುದನ್ನು ಮೊದಲು ವಿಚಾರಿಸಬೇಕು.

ಹಾಥಾರ್ನ್ ಕಾರ್ಖಾನೆ 1983ರಲ್ಲಿ ಮುಚ್ಚಿತು. ಸಂಶೋಧನೆಯ ಕಾಗದಪತ್ರಗಳು ಹಾರ್ವರ್ಡಿನ ಬೇಕರ್ ಗ್ರಂಥಾಲಯದಲ್ಲಿ ರಕ್ಷಿತವಾಗಿವೆ. ಅಂತಹ ಕಾಗದಗಳನ್ನು ಆಧರಿಸಿ ರಿಚರ್ಡ್ ಗಿಲೆಸ್ಪಿ 1991ರಲ್ಲಿ ಈ ಪ್ರಯೋಗಗಳ ಇತಿಹಾಸವನ್ನು ಬರೆದಿದ್ದಾರೆ. ನಮ್ಮ ವಿದ್ಯಾರ್ಥಿಗಳು ಪಠ್ಯಪುಸ್ತಕದ ಸಾರಾಂಶವನ್ನು ಬದಿಗಿಟ್ಟು ಅದನ್ನು ಓದುವುದಾದರೆ ರಿಲೇ ಕೊಠಡಿಯ ಅಧ್ಯಾಯದಿಂದಲೇ ಆರಂಭಿಸಬಹುದು.