ಕುಣಿಸುವ ಇಂಗ್ಲಿಷ್, ಮಾತಾಡಿಸದ ಇಂಗ್ಲಿಷ್

ಕೊರವಂಗಲವಿರಲಿ, ಹೊಳೆನರಸೀಪುರವಿರಲಿ, ಸರಕಾರಿ ಶಾಲೆಯ ಒಂದನೆಯ ತರಗತಿಯಲ್ಲಿ ಅಭಿನಯ ಗೀತೆಯಿಲ್ಲದ ಇಂಗ್ಲಿಷ್ ಪಾಠವನ್ನು ಇಂದು ಊಹಿಸುವುದು ಕಷ್ಟ. ತಲೆ, ಹೆಗಲು, ಮೊಣಕಾಲು ಮುಟ್ಟುತ್ತಾ ಮಕ್ಕಳು ಕುಣಿಯುತ್ತಾರೆ. ನೋಡಲು ಚೆಂದ. ಶಾಲಾ ವಾರ್ಷಿಕೋತ್ಸವದಲ್ಲಿ ಅದನ್ನು ಕಂಡ ಹೆತ್ತವರಿಗೆ, ನಮ್ಮ ಮಗುವಿಗೂ ಇಂಗ್ಲಿಷ್ ಬಂತೆಂಬ ಸಮಾಧಾನ. ಆ ಸಮಾಧಾನಕ್ಕೆ ಆಧಾರವಿದೆಯೇ?

ರಾಜ್ಯದ ಸರಕಾರಿ ಶಾಲೆಗಳಿಗೆ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದದ್ದು 2007-08ರಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ 'ನಲಿ-ಕಲಿ' ಅದಕ್ಕೆ ಮೊದಲೇ ಹಾಡು, ಆಟಗಳನ್ನು ತರಗತಿಯೊಳಗೆ ತಂದಿತ್ತು. 2009-10ರಲ್ಲಿ ಅದು ರಾಜ್ಯದಾದ್ಯಂತ ಹಬ್ಬಿತು. ಹೀಗಾಗಿ ಇಂಗ್ಲಿಷ್ ಹಾಡಿಗೆ ಜಾಗ ಹುಡುಕಬೇಕಾಗಲಿಲ್ಲ. ಶಿಕ್ಷಕರಿಗೂ ಅನುಕೂಲವೇ. ಇಂಗ್ಲಿಷ್ ಮಾತಾಡಲು ಹಿಂಜರಿಯುವವರೂ ಹಾಡನ್ನು ಧೈರ್ಯವಾಗಿ ಹಾಡಿಯಾರು!

ಈ ವಿಧಾನದಲ್ಲಿ ಹುರುಳಿಲ್ಲವೆಂದಲ್ಲ. ಮಗು ಮೊದಲು ಕೇಳಲಿ, ಕೇಳಿದ್ದನ್ನು ಮೈಯಿಂದ ಮಾಡಿ ತೋರಿಸಲಿ, ಮಾತು ಆಮೇಲೆ ಬರಲಿ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲೇ ವಾದಿಸಿದ್ದರು. ನಮ್ಮ ಮಕ್ಕಳಿಗೆ ಇದರಿಂದ ವಿಶೇಷ ಲಾಭವೂ ಉಂಟು. 'ಬಾಗಿಲು ಮುಚ್ಚು' ಎನ್ನುವಾಗ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. 'ದರ್ವಾಜಾ ಬಂದ್ ಕರೋ' ಎನ್ನುವ ಉರ್ದುವಿನಲ್ಲೂ ಕೊನೆಗೇ. 'ಕ್ಲೋಸ್ ದ ಡೋರ್' ಎಂಬಲ್ಲಿ ಅದು ಮೊದಲು ಬಂದು ನಿಲ್ಲುತ್ತದೆ. ಮನೆಯಲ್ಲಿ ಕನ್ನಡ ಆಡುವ ಮಗುವಿಗೂ ಉರ್ದು ಆಡುವ ಮಗುವಿಗೂ ಇಲ್ಲಿ ಎಡವುವ ಕಲ್ಲು ಒಂದೇ. ವ್ಯಾಕರಣದ ವಿವರಣೆಯಿಲ್ಲದೆ ಕೈಕಾಲುಗಳೇ ಈ ಹೊಸ ಕ್ರಮವನ್ನು ರೂಢಿ ಮಾಡಿಕೊಳ್ಳುವುದು ಸಣ್ಣ ಸಂಗತಿಯಲ್ಲ.

ತೊಂದರೆ ಇರುವುದು ಹಾಡು ಮುಗಿದ ಮೇಲೆ. ಅದರ ನಡುವಿನ ಒಂದು ಪದವನ್ನು ಎತ್ತಿ ಕೇಳಿ ನೋಡಿ. 'ಮೊಣಕಾಲಿಗೆ ಏನನ್ನುತ್ತಾರೆ?' ಎಂದರೆ ಮಗು ಮೊದಲ ಸಾಲಿನಿಂದ ಹಾಡುತ್ತಾ ಬಂದು ಅಲ್ಲಿ ನಿಲ್ಲುತ್ತದೆ. ಇಡೀ ಹಾಡು ಅದಕ್ಕೆ ಒಂದೇ ಉದ್ದನೆಯ ಪದ. ತಾಳ ಉಳಿಯಿತು, ಪದ ಬಿಡಿಯಾಗಲಿಲ್ಲ.

ಇನ್ನೊಂದು ಮಾತು ಇದಕ್ಕಿಂತ ಗಂಭೀರವಾದದ್ದು. ಈ ಬಗೆಯ ಗೀತೆಗಳ ಭಾಷೆ ಹೆಚ್ಚಾಗಿ ಆಜ್ಞೆಯದು: ನಿಲ್ಲು, ಕೂರು, ಮುಟ್ಟು, ತಿರುಗು. ಮಗು ಪಾಲಿಸುತ್ತದೆ, ಕೇಳುವುದಿಲ್ಲ. 'ಇದೇನು?', 'ಯಾಕೆ?', 'ನನಗೆ ಬೇಡ' ಎನ್ನುವ ಇಂಗ್ಲಿಷ್ ಅದರ ಬಾಯಿಗೆ ಬರುವುದೇ ಇಲ್ಲ. ದುಡ್ಡು ಕೊಟ್ಟು ಓದುವ ಮಗು ಮನೆಯಲ್ಲೋ ಟ್ಯೂಷನ್‌ನಲ್ಲೋ ಅದನ್ನು ಕಲಿತೀತು. ಕೂಲಿ ಮಾಡುವವರ ಮಗುವಿಗೆ ಶಾಲೆ ಬಿಟ್ಟರೆ ಬೇರೆ ದಾರಿಯಿಲ್ಲ. ಅಪ್ಪಣೆ ಪಾಲಿಸುವಷ್ಟು ಇಂಗ್ಲಿಷನ್ನು ಬಡವರ ಮಕ್ಕಳಿಗೆ ಕೊಟ್ಟು, ಪ್ರಶ್ನಿಸುವ ಇಂಗ್ಲಿಷನ್ನು ಉಳ್ಳವರಿಗೆ ಬಿಟ್ಟರೆ ಸಮಾನ ಶಿಕ್ಷಣದ ಮಾತಿಗೆ ಅರ್ಥವೇನು?

ಹಾಗೆಂದು ಹಾಡನ್ನು ಕೈಬಿಡಬೇಕಿಲ್ಲ, ಮುರಿದು ಕಟ್ಟಬೇಕು. ಲಂಡನ್ನಿನ ಸೇತುವೆಯ ಬದಲು ಹೇಮಾವತಿಯ ಸೇತುವೆ ಬರಲಿ, ಹಾಸನದ ಆಲೂಗೆಡ್ಡೆ ಬರಲಿ, 1173ರಷ್ಟು ಹಳೆಯದಾದ ಕೊರವಂಗಲದ ಬೂಚೇಶ್ವರ ದೇಗುಲವೂ ಬರಲಿ. ಪದಗಳನ್ನು ಹಿಂದುಮುಂದು ಮಾಡಿ ಹಾಡಿಸಲಿ. ಮುಖ್ಯವಾಗಿ, ಆಜ್ಞೆ ಕೊಡುವ ಸರದಿ ಮಕ್ಕಳಿಗೆ ಸಿಗಲಿ. ಹಿಂದಿನ ಸಾಲಿನ ನಾಚಿಕೆಯ ಹುಡುಗಿ 'ಸಿಟ್ ಡೌನ್' ಎಂದರೆ ಮೇಷ್ಟ್ರೇ ಕೂರಲಿ. 'ವೈ?' ಎಂದು ಅವರು ಕೇಳಿದರೆ ಅವಳು ಉತ್ತರ ಹುಡುಕಲಿ. ವಾರ್ಷಿಕೋತ್ಸವದ ವೇದಿಕೆಯ ಮೇಲೆ ಇದು ಅಷ್ಟೊಂದು ಚೆಂದ ಕಾಣಲಾರದು. ತಾಳ ತಪ್ಪುತ್ತದೆ, ಗದ್ದಲವಾಗುತ್ತದೆ, ಮಕ್ಕಳು ಮೇಷ್ಟ್ರನ್ನು ನೋಡಿ ನಗುತ್ತಾರೆ.