ಮಣ್ಣು, ಮದುವೆ, ಐಕ್ಯ: ಬೀದರ ಸೀಮೆಯ ಮರಣಪರಿಭಾಷೆ

ಮರಣವನ್ನು ಕುರಿತ ಕನ್ನಡ ಜಾನಪದ ಅಧ್ಯಯನಗಳು ಬಹುಮಟ್ಟಿಗೆ ಆಚರಣೆಗಳ ದಾಖಲಾತಿಯಾಗಿ ಬೆಳೆದಿವೆ. ಶವಕ್ಕೆ ಸ್ನಾನ ಮಾಡಿಸುವ ಕ್ರಮ, ಹೊರುವವರ ಸಂಬಂಧ, ಮೂರನೆಯ ದಿನದ ವಿಧಿ, ಎಡೆಯ ಪದಾರ್ಥ ಇವೆಲ್ಲ ಸಮುದಾಯವಾರು ಸಂಗ್ರಹಗೊಂಡಿವೆ. ಜನ ಸಾವನ್ನು ಯಾವ ಮಾತಿನಿಂದ ಹೇಳುತ್ತಾರೆ ಎಂಬುದಕ್ಕೆ ಅಷ್ಟು ಗಮನ ಸಂದಿಲ್ಲ. ಸಾಹಿತ್ಯ ವಿಮರ್ಶೆಯಾದರೋ ವಚನ ಮತ್ತು ಸೂಫಿ ಪರಂಪರೆಗಳ ಪರಿಭಾಷೆಯನ್ನು ಹಿಡಿದು, ಕಲ್ಯಾಣ ನಾಡಿನ ಜನ ಸಾವನ್ನು ಹಬ್ಬವಾಗಿ ಕಂಡವರೆಂಬ ತೀರ್ಮಾನಕ್ಕೆ ಸುಲಭವಾಗಿ ಬಂದುಬಿಡುತ್ತದೆ. ಬೀದರ ನಗರ, ಭಾಲ್ಕಿ ಹಾಗೂ ಔರಾದ ಪರಿಸರದ ಮಾತುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ತೀರ್ಮಾನ ನಿಲ್ಲುವುದಿಲ್ಲ.

ಈ ತೀರ್ಮಾನಕ್ಕೆ ಆಧಾರವಾಗಿ ಸಾಮಾನ್ಯವಾಗಿ ಉದಾಹರಿಸುವ ಸ್ಥಳ ಬೀದರಿನ ಪೂರ್ವಕ್ಕಿರುವ ಅಷ್ಟೂರು. ಕಲಬುರಗಿಯಿಂದ ಬೀದರಿಗೆ ರಾಜಧಾನಿಯನ್ನು ಬದಲಿಸಿ 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾಹನ ಗೋರಿ ಇಲ್ಲಿದೆ. ಮುಸಲ್ಮಾನರಿಗೆ ಅವನು ವಲಿ. ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭುವಿನ ಸ್ವರೂಪ. ಹೋಳಿಯ ಸುಮಾರಿಗೆ ನಡೆಯುವ ಉರುಸಿಗೆ ಆಳಂದ ಸೀಮೆಯ ಮಾಡಿಯಾಳದಿಂದ ಜಂಗಮರು ಪರಿವಾರದೊಡನೆ ಬರುತ್ತಾರೆ. ಉರುಸ್ ಎಂದರೆ ಅರಬ್ಬಿಯಲ್ಲಿ ಮದುವೆ. ಸಂತನ ಆತ್ಮ ಪರಮಾತ್ಮನನ್ನು ಕೂಡಿದ ದಿನವದು. ಆ ಕೂಟಕ್ಕೆ ಸೂಫಿಗಳಲ್ಲಿ ವಿಸಾಲ್ ಎಂಬ ಇನ್ನೊಂದು ಹೆಸರಿದೆ. ಲಿಂಗಾಯತರ ಐಕ್ಯ ಶಬ್ದಕ್ಕೆ ಇಷ್ಟು ಸಮೀಪದ ಪದ ಬೇರೊಂದು ಪರಂಪರೆಯಲ್ಲಿ ಸಿಗುವುದು ಅಪರೂಪ. ಅಷ್ಟೂರಿನಲ್ಲಿ ಎರಡು ಧರ್ಮಗಳ ಭಕ್ತರು ಒಂದೇ ಗೋರಿಯ ಮುಂದೆ ಸೇರಲು ಈ ಅರ್ಥಸಾಮ್ಯವೂ ಒಂದು ಕಾರಣವಾಗಿರಬಹುದು. ಬಯಲನ್ನೇ ತನ್ನ ಅನುಭಾವದ ಕೇಂದ್ರವಾಗಿಸಿಕೊಂಡ ಅಲ್ಲಮನಿಗೆ ಜನ ಗುಮ್ಮಟದ ಕೆಳಗೊಂದು ನೆಲೆ ಕಲ್ಪಿಸಿದ್ದಾರೆಂಬುದು ತತ್ತ್ವಜ್ಞರಿಗೆ ವಿರೋಧಾಭಾಸವೆನಿಸೀತು, ಭಕ್ತರಿಗೆ ಹಾಗೆನಿಸಿಲ್ಲ.

ಆದರೆ ಅಷ್ಟೂರಿನ ಸಾಲಿನಲ್ಲಿ ಒಂದೇ ಗುಮ್ಮಟವಿಲ್ಲ. 1461ರಲ್ಲಿ ಮಡಿದ, ಚರಿತ್ರೆಯಲ್ಲಿ ‘ಜಾಲಿಮ್’ ಎಂದೇ ಹೆಸರಾದ ಹುಮಾಯೂನನ ಗೋರಿಯೂ ಅಲ್ಲಿದೆ. ಸಿಡಿಲು ಬಡಿದು ಅದರ ಗುಮ್ಮಟ ಅರ್ಧಕ್ಕೆ ಸೀಳಿದೆ. ಅವನ ಸಾವು ಯಾರ ಪಾಲಿಗೂ ಮದುವೆಯಾಗಲಿಲ್ಲ. ಒಂದೇ ವಂಶದ, ಒಂದೇ ಸಾಲಿನ ಗೋರಿಗಳಲ್ಲಿ ಉರುಸಿನ ಗೌರವ ಪಡೆದದ್ದು ಸಂತನೆನಿಸಿಕೊಂಡವನದು. ಸಾವೆಲ್ಲ ಹಬ್ಬವೆಂದು ಜನ ಹೇಳುತ್ತಿಲ್ಲ. ಬದುಕನ್ನು ನೋಡಿ ಸಾವಿನ ಹೆಸರನ್ನು ಆರಿಸುತ್ತಿದ್ದಾರೆ.

ಐಕ್ಯ ಶಬ್ದದ ಸ್ಥಿತಿಯೂ ಇದೇ. ಷಟ್‌ಸ್ಥಲದಲ್ಲಿ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಸ್ಥಲಗಳ ತರುವಾಯ ಬರುವ ಐಕ್ಯವು ಬದುಕಿರುವಾಗಲೇ ಸಾಧಿಸಬೇಕಾದ ನಿಲುವು. ಅದು ದೇಹಪಾತದ ಪರ್ಯಾಯಪದವಲ್ಲ. ‘ಲಿಂಗೈಕ್ಯರಾದರು’ ಎಂಬುದು ಪತ್ರಿಕೆಗಳ ಶ್ರದ್ಧಾಂಜಲಿ ಪುಟದ ರೂಢಿಯಾದಾಗ ಸಾಧನೆಯ ಹೆಸರು ಘಟನೆಯ ಹೆಸರಾಯಿತು. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು 1999ರಲ್ಲಿ ಲಿಂಗೈಕ್ಯರಾದರೆಂದು ಹೇಳುವಾಗ ಆ ಮಾತಿಗೆ ಶತಮಾನದಷ್ಟು ದೀರ್ಘವಾದ ಬದುಕಿನ ಭಾರವಿದೆ. ಅದೇ ಊರಿನಲ್ಲಿ ಅಡ್ಡಹೆರಿಗೆಯಲ್ಲಿ ಕಣ್ಮುಚ್ಚಿದ ಹೆಣ್ಣುಮಗಳ ವಿಷಯದಲ್ಲಿ ಆ ಪದ ಮರ್ಯಾದೆಯ ಮಾತಷ್ಟೇ ಆಗಬಲ್ಲದು. ಅವಳ ತಾಯಿಯ ಬಾಯಿಗೆ ಅದು ಬರುವುದು ಕಷ್ಟ.

ಹಾಗಾದರೆ ಬರುವ ಮಾತು ಯಾವುದು? ‘ಮಣ್ಣು’. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಹೂಳುವುದೆಂದರೆ ಮಣ್ಣು ಮಾಡುವುದು, ಮಣ್ಣು ಕೊಡುವುದು. ಅಂತ್ಯಕ್ರಿಯೆಗೆ ಹೋಗುವುದೆಂದರೆ ಮಣ್ಣಿಗೆ ಹೋಗುವುದು. ಬೀದರಿನ ಮುಸಲ್ಮಾನರ ದಖನಿಯಲ್ಲಿ ‘ಮಿಟ್ಟಿ ದೇನಾ’ ಎಂಬುದು ಇದೇ ಅರ್ಥದ ನುಡಿಗಟ್ಟು. ಗೋರಿಗೆ ಬಂದವರು ಮೂರು ಹಿಡಿ ಮಣ್ಣು ಹಾಕಿ ಋಣ ಸಲ್ಲಿಸುತ್ತಾರೆ. ಔರಾದಿನ ಗಡಿಯಲ್ಲಿ ಬಳಕೆಯಾಗುವ ಮರಾಠಿಯಲ್ಲಿ ‘ಮಾತೀಲಾ ಜಾಣೆ’ ಎನ್ನುತ್ತಾರೆ. ವಿಶೇಷವೆಂದರೆ ಮರಾಠಿ ಗ್ರಾಮೀಣರಲ್ಲಿ ಶವವನ್ನು ಸುಟ್ಟರೂ ಆ ಕಾರ್ಯಕ್ಕೆ ‘ಮಾತಿ’ ಎಂದೇ ಹೆಸರು. ವಿಭೂತಿ, ಪತ್ರಿಗಳೊಡನೆ ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವ ಲಿಂಗಾಯತರು, ಮಲಗಿಸಿ ಹೂಳುವ ಮುಸಲ್ಮಾನರು, ಸುಡುವ ಮರಾಠರು ವಿಧಿಯಲ್ಲಿ ಬೇರೆಯಾಗಿದ್ದರೂ ಮೂರು ಭಾಷೆಗಳ ಆಡುಮಾತು ಒಂದೇ ವಸ್ತುವನ್ನು ಹೆಸರಿಸುತ್ತದೆ. ಈ ಪದ ಸತ್ತವರು ಎಲ್ಲಿಗೆ ಹೋದರೆಂದು ಹೇಳುವುದಿಲ್ಲ. ಉಳಿದವರು ಏನು ಕೊಟ್ಟರು, ಎಲ್ಲಿಗೆ ನಡೆದು ಹೋದರು ಎಂಬುದನ್ನು ಹೇಳುತ್ತದೆ. ಐಕ್ಯ, ವಿಸಾಲ್‌ಗಳು ಹೋದವರ ಕಡೆಯ ಪದಗಳು, ಮಣ್ಣು ಉಳಿದವರದು.

ಇನ್ನು ಮದುವೆಯ ರೂಪಕ. ಮದುವೆಯೆಂದೊಡನೆ ಸಂಭ್ರಮವೆಂದು ಅರ್ಥಮಾಡುವುದು ವಿದ್ವಾಂಸರ ಅಭ್ಯಾಸ. ಔರಾದ ತಾಲ್ಲೂಕಿನ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳನ್ನು ಕೇಳಿದರೆ ಉತ್ತರ ಬೇರೆ. ಅವರಲ್ಲಿ ಮದುಮಗಳು ತವರನ್ನು ಬಿಡುವಾಗ ಬಂಧುಗಳ ಕೊರಳಿಗೆ ಬಿದ್ದು ಹಾಡುತ್ತಾ ಅಳುವ ‘ಢಾವಲೋ’ ಪ್ರಕಾರವಿದೆ. ಹಾಡಿಕೊಂಡು ಅಳುವ ಕ್ರಮವನ್ನು ಅವಳು ಮೊದಲೇ ಹಿರಿಯರಿಂದ ಕಲಿತಿರಬೇಕು. ಮದುವೆಯೇ ಇಲ್ಲಿ ಅಗಲಿಕೆಯ ಕಾವ್ಯ. ಮೊಹರಮ್ಮಿನ ಸಾಹಿತ್ಯ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಕ್ರಿ.ಶ. 680ರ ಕರ್ಬಲಾ ಕಾಳಗವನ್ನು ಈ ಸೀಮೆಯಲ್ಲಿ ದಖನಿ ಮರ್ಸಿಯಾಗಳು ಮಾತ್ರವಲ್ಲ, ಹಿಂದೂ ಹಾಡುಗಾರರೂ ಹಾಡುವ ಕನ್ನಡ ರಿವಾಯತ ಪದಗಳೂ ನೆನೆಯುತ್ತವೆ. ಅವುಗಳ ಕಥಾಪರಂಪರೆಯಲ್ಲಿ ಹುಸೇನರ ಅಣ್ಣನ ಮಗ ಕಾಸೀಮ ಮದುಮಗನಾಗಿಯೇ ರಣಕ್ಕೆ ಹೋಗಿ ಮಡಿಯುತ್ತಾನೆ. ಕಂಕಣ ಕಟ್ಟಿದ ಕೈಯೇ ಹೆಣದ ಕೈಯಾಗುವ ಈ ಸಂದರ್ಭದಲ್ಲಿ ಕೇಳುಗರು ಅಳುತ್ತಾರೆ, ಅಳಬೇಕು. ಉರುಸಿನ ಮದುವೆಯನ್ನು ಢಾವಲೋ ಮತ್ತು ಕಾಸೀಮನ ಕಥೆಯ ನೆರಳಿನಲ್ಲಿ ಓದಿದಾಗ ಆ ರೂಪಕದೊಳಗೆ ತವರು ಖಾಲಿಯಾದ ದುಃಖವೂ ಕಾಣುತ್ತದೆ. ಜನಪದ ಸಾಹಿತ್ಯ ಇಲ್ಲಿ ಧರ್ಮದ ಮಾತಿಗೆ ನಿದರ್ಶನ ಒದಗಿಸುತ್ತಿಲ್ಲ. ಆ ಮಾತನ್ನು ತಿದ್ದುತ್ತಿದೆ.

ವೈದ್ಯಕೀಯದ ಪ್ರಶ್ನೆ ಬೇರೆ: ಸಾವು ಯಾವಾಗ ಸಂಭವಿಸಿತು? ಉಸಿರು ನಿಂತಿತು, ಜೀವ ಹೋಯಿತು ಎಂಬ ಆಡುಮಾತು ಉಸಿರನ್ನೇ ಗುರುತಾಗಿ ಇಟ್ಟುಕೊಂಡಿದೆ. 1994ರ ಮಾನವ ಅಂಗಾಂಗ ಕಸಿ ಕಾಯ್ದೆಯು ಮಿದುಳುಕಾಂಡದ ಸಾವನ್ನು ಮರಣವೆಂದು ಒಪ್ಪಿದ ಮೇಲೆ ಯಂತ್ರದ ನೆರವಿನಿಂದ ಎದೆ ಏರಿಳಿಯುತ್ತಿರುವಾಗಲೂ ವೈದ್ಯರು ಸಾವನ್ನು ಘೋಷಿಸಬಲ್ಲರು. ಮಂಚದಿಂದ ನೆಲಕ್ಕಿಳಿಸಿ ಬಾಯಿಗೆ ನೀರು ಬಿಡುವ, ಮುಸಲ್ಮಾನರಲ್ಲಿ ತಲೆದೆಸೆಯಲ್ಲಿ ಯಾಸೀನ್ ಓದುವ ಹೊತ್ತು ತೀವ್ರನಿಗಾ ಘಟಕದಲ್ಲಿ ಸಿಗುವುದಿಲ್ಲ. ಆಸ್ಪತ್ರೆಯಿಂದ ‘ಊರಿಗೆ ಒಯ್ಯುತ್ತೇವೆ’ ಎಂದು ಬಂಧುಗಳು ಹಟ ಹಿಡಿಯುವುದನ್ನು ಅಜ್ಞಾನವೆಂದು ತಳ್ಳಿಹಾಕುವವರು ಈ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಜೀವವಿರುವಾಗಲೇ ಮಣ್ಣಿನ ಸ್ಪರ್ಶ ಸಿಗಲೆಂಬುದು ಆ ಹಟದ ಒಳಗಿನ ಮಾತು.

ನೀತಿಯ ಮಟ್ಟದಲ್ಲಿ ಈಚೆಗೆ ಬದಲಾವಣೆಯಾಗಿದೆ. ಉತ್ತರ ಕನ್ನಡದ ಹಳದೀಪುರದಲ್ಲಿ ಹುಟ್ಟಿದ ಅರುಣಾ ಶಾನಭಾಗ ಮುಂಬಯಿಯ ಆಸ್ಪತ್ರೆಯೊಂದರಲ್ಲಿ 1973ರಿಂದ 2015ರವರೆಗೆ ಪ್ರಜ್ಞೆ ಮರಳದೆ ಮಲಗಿದ್ದರು. ಅವರ ಪ್ರಕರಣದಲ್ಲಿ 2011ರಲ್ಲಿ ತೆರೆದ ಚರ್ಚೆ 2018ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಲ್ಲಿ ಘನತೆಯ ಮರಣದ ಹಕ್ಕಾಗಿ ರೂಪುಗೊಂಡಿತು. 2023ರಲ್ಲಿ ನ್ಯಾಯಾಲಯ ಅದರ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು. ಚೇತರಿಕೆಯ ಭರವಸೆಯಿಲ್ಲದ ರೋಗಿಗೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು ಎರಡು ವೈದ್ಯಕೀಯ ಮಂಡಳಿಗಳ ಅಭಿಪ್ರಾಯ ಮತ್ತು ಕುಟುಂಬದ ಸಮ್ಮತಿ ಬೇಕು. ಆ ಸಮ್ಮತಿ ಯಾವ ಭಾಷೆಯಲ್ಲಿ? ಬೀದರಿನ ವೈದ್ಯರು ಕನ್ನಡ, ದಖನಿ, ಮರಾಠಿ, ಲಂಬಾಣಿ ಆಡುವ ಮನೆಯವರ ಮುಂದೆ ‘ಚಿಕಿತ್ಸೆ ನಿಲ್ಲಿಸೋಣ’ ಎಂದರೆ ಅದು ಕೈಬಿಟ್ಟ ಮಾತಾಗಿ ಕೇಳಿಸುತ್ತದೆ. ‘ಊರಿಗೆ ಒಯ್ಯಿರಿ’ ಎಂಬುದು ಹಾಗೆ ಕೇಳಿಸುವುದಿಲ್ಲ. ಸಮ್ಮತಿಪತ್ರದ ಭಾಷೆಯನ್ನು ರೂಪಿಸುವವರು ಜಾನಪದದ ಕಡೆಗೆ ನೋಡಬೇಕಾದ ಜಾಗವಿದು.

ದೇಹದಾನ ಇನ್ನೂ ತೊಡಕಿನ ಪ್ರಶ್ನೆಯನ್ನು ಎತ್ತುತ್ತದೆ. 2010ರಲ್ಲಿ ಬೆಳಗಾವಿಯಲ್ಲಿ ಡಾ. ಮಹಾಂತೇಶ ರಾಮಣ್ಣವರ, ತಂದೆಯ ಇಚ್ಛೆಯಂತೆ ದಾನವಾಗಿ ಬಂದಿದ್ದ ಅವರ ದೇಹವನ್ನು ತಾವೇ ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಹೇಳಿದರು. ಧರ್ಮದ ದೃಷ್ಟಿಯಿಂದ ಇದನ್ನು ದಾಸೋಹವೆಂದು ವ್ಯಾಖ್ಯಾನಿಸುವುದು ಕಷ್ಟವಲ್ಲ. ಮರಣಸೂತಕವನ್ನೇ ನಿರಾಕರಿಸಿದ ಶರಣಪರಂಪರೆಗೆ ಶವದ ಮೈಲಿಗೆಯೂ ಅಡ್ಡಿಯಾಗದು. ತೊಡಕಿರುವುದು ಆಡುಮಾತಿನಲ್ಲಿ. ದಾನವಾದ ದೇಹಕ್ಕೆ ಮಣ್ಣಿಲ್ಲ, ಹಿಡಿ ಹಾಕುವ ಕೈಗಳಿಗೆ ಕೆಲಸವಿಲ್ಲ. ಮರಾಠಿಯ ‘ಮಾತಿ’ ಚಿತೆಯವರೆಗೂ ಹಿಗ್ಗಿತು. ಶವಾಗಾರದ ಬಾಗಿಲವರೆಗೆ ಹಿಗ್ಗೀತೇ ಎಂಬುದು, ಅಲ್ಲಿಗೆ ಹೋಗಿ ಬಂದವರು ಮನೆಯಲ್ಲಿ ಯಾವ ಮಾತು ಬಳಸುತ್ತಾರೆಂಬುದನ್ನು ಸಂಗ್ರಹಿಸಿದ ಮೇಲೆ ತಿಳಿಯಬೇಕು.